ಎರಡನೇ ವಾಷರ್

ಸಂಜೆ ಆರೂವರೆಗೆ ಕಾರು ಅಂಗಳದಲ್ಲಿ ಹಿಂದಕ್ಕೆ ಬಂದು, ಗೇಟು ಮುಚ್ಚುತ್ತಿದ್ದ ಅಕ್ಕನನ್ನು ಕೆಡವಿತು. ಸೊಂಟದ ಮೂಳೆ ಮುರಿಯಿತು.

ಮರುದಿನ ಬೆಳಿಗ್ಗೆ ತಮ್ಮ ಅದೇ ಕಾರಿನ ಹಿಂದೆ ನಿಂತಿದ್ದ. ಅವನು ಮೆಕ್ಯಾನಿಕ್. ಕಾರು ಭಾವನದು, ಅವರ ಅಪ್ಪನ ಕಾಲದ್ದು. ಗೇರ್‌ಬಾಕ್ಸಿನಿಂದ ಆಯಿಲ್ ಸೋರುತ್ತದೆಂದು ವಾರಗಟ್ಟಲೆ ಗ್ಯಾರೇಜಿನಲ್ಲಿಟ್ಟುಕೊಂಡು, ಸರಿಮಾಡಿ, ಅಪಘಾತದ ದಿನ ಮಧ್ಯಾಹ್ನವಷ್ಟೇ ತಂದುಕೊಟ್ಟವನು ಅವನೇ. ಈಗ ಹಿಂದಿನ ಬಂಪರ್ ಗೇಟಿನ ಕಂಬಕ್ಕೆ ಒರಗಿತ್ತು.

ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ಭಾವ ತಲೆ ಎತ್ತಿರಲಿಲ್ಲ.

"ಹೇಗಾಯ್ತು ಭಾವ?"

"ನನ್ನನ್ನ ಕೇಳಬೇಡ. ಹೋಗಿ ಗಾಡಿ ನೋಡು. ನಿನಗೇ ಗೊತ್ತಾಗುತ್ತೆ."

ಕಟ್ಟಿಕೊಂಡ ಹೆಂಡತಿಗೇ ಗಾಡಿ ಗುದ್ದಿಸಿದವರನ್ನು ಇನ್ನೇನು ಕೆದಕುವುದು ಎಂದು ಅವನು ಸುಮ್ಮನಾದ. ಅಕ್ಕ ಮಾತ್ರ ನೋವಿನ ಮಂಪರಿನಲ್ಲೂ "ಊಟ ಮಾಡಿದ್ಯೇನೋ?" ಎಂದು ಕೇಳಿ ಮುಖ ಆ ಕಡೆ ತಿರುಗಿಸಿದ್ದಳು. ಹೇಳಿಕೆ ಪಡೆಯಲು ಪೊಲೀಸರು ಹತ್ತು ಗಂಟೆಗೆ ಬರುವವರಿದ್ದರು. ಅಜಾಗರೂಕ ಚಾಲನೆ ಎಂದು ಬರೆದುಕೊಂಡರೆ ಭಾವ ಕೋರ್ಟಿನ ಮೆಟ್ಟಿಲು ಹತ್ತಬೇಕು.

ಮನೆಯ ಬೀಗದ ಕೈ ಎದುರುಮನೆಯ ಅಜ್ಜಿಯ ಬಳಿ ಇತ್ತು. ಕೊಡುತ್ತಾ ಅಜ್ಜಿ ಹೇಳಿದರು:

"ಸದ್ದೇ ಇಲ್ಲ ಕಣಪ್ಪ. ಕಳ್ಳಬೆಕ್ಕಿನ ಹಾಗೆ ಬಂದಿದೆ. ನಾನು ಕಿಟಕೀಲೇ ಕೂತಿದ್ದೆ, ನಿಮ್ಮಕ್ಕ ಕೂಗಿದ ಮೇಲೇ ಗೊತ್ತಾಗಿದ್ದು. ಹಿಂದೆ ಒಂದು ಲೈಟಾದರೂ ಹತ್ತಬೇಡ್ವಾ?"

"ಇಂಜಿನ್ ಈಗ ನುಣ್ಣಗಿದೆ ಅಜ್ಜಿ."

"ಅಷ್ಟು ನುಣ್ಣಗೆ ಮಾಡು ಅಂತ ಯಾರು ಅತ್ತಿದ್ರು? ಮೊದಲು ಬೀದಿ ತಿರುವಿನಲ್ಲೇ ಕೆಮ್ಮೋದು, ನನಗಿಂತ ಜೋರಾಗಿ. ಜನ ದಾರಿ ಬಿಡೋರು."

ಅಜ್ಜಿಯ ಮಾತಿನಲ್ಲಿ ಲೈಟಿನ ವಿಷಯವೊಂದೇ ಅವನ ಕಿವಿಯಲ್ಲಿ ಉಳಿಯಿತು.

ಕಾರಿನ ಕೀಲಿ ಅಡುಗೆಮನೆಯ ಮೊಳೆಯಲ್ಲಿ, ತಾನು ತೂಗುಹಾಕಿದಲ್ಲೇ ಇತ್ತು. ಬಂದು ಡ್ರೈವರ್ ಸೀಟಿನಲ್ಲಿ ಕೂತ. ಭಾವ ಆರಡಿ ಆಳು, ಇವನು ಗಿಡ್ಡ. ಆದರೂ ಕಾಲು ಕ್ಲಚ್ಚಿಗೆ ಸಲೀಸಾಗಿ ಸಿಕ್ಕಿತು. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ಗೇರು ನ್ಯೂಟ್ರಲ್‌ನಲ್ಲಿತ್ತು. ಗ್ಯಾರೇಜಿನ ಸಮತಟ್ಟು ನೆಲದಲ್ಲಿ ಅವನು ಎಲ್ಲ ಗಾಡಿಗಳನ್ನೂ ಹಾಗೇ ಬಿಡುವುದು, ಯಾರು ಬೇಕಾದರೂ ತಳ್ಳಿ ಪಕ್ಕಕ್ಕಿಡಲಿ ಎಂದು. ಕೀಲಿ ತಿರುಗಿಸಿ, ಇಂಜಿನ್ ಚಾಲೂ ಮಾಡದೆ, ರಿವರ್ಸ್ ಹಾಕಿದ. ಇಳಿದು ಹಿಂದೆ ಹೋಗಿ ನೋಡಿದ.

ಲೈಟು ಹತ್ತಿರಲಿಲ್ಲ.

ಬಲ್ಬ್ ಬಿಚ್ಚಿ ಬ್ಯಾಟರಿಗೆ ಮುಟ್ಟಿಸಿದ, ಉರಿಯಿತು. ಫ್ಯೂಸ್ ಗಟ್ಟಿಯಾಗಿತ್ತು. ಉಳಿದದ್ದು ಗೇರ್‌ಬಾಕ್ಸಿಗೆ ತಿರುಪಿನಂತೆ ಕೂತ ಪುಟ್ಟ ಸ್ವಿಚ್. ರಿವರ್ಸ್ ಬಿದ್ದಾಗ ಒಳಗಿನ ಸರಳು ಅದರ ತುದಿಯನ್ನು ಒತ್ತುತ್ತದೆ, ಲೈಟು ಹತ್ತುತ್ತದೆ. ಹಳೇ ಗಾಡಿಯ ಹ್ಯಾಂಡ್‌ಬ್ರೇಕ್ ನಂಬಿ ಕೆಳಗೆ ನುಸುಳುವ ಪೈಕಿ ಅವನಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟ. ಕೆಳಗೆ ಮಲಗಿ ಸ್ವಿಚ್ಚಿನ ಎರಡೂ ವೈರುಗಳನ್ನು ಕಿತ್ತು ಒಂದಕ್ಕೊಂದು ತಾಗಿಸಿದ. ಲೈಟು ಬಿದ್ದು ಗೇಟಿನ ಕಂಬ ಬೆಳ್ಳಗಾಯಿತು. ಅಲ್ಲಿಗೆ ವೈರಿಂಗ್ ಸರಿ, ಸ್ವಿಚ್ ತಪ್ಪು.

ಬಿಚ್ಚುವ ಮೊದಲೇ ಅವನಿಗೆ ತಿಳಿದಿತ್ತು. ಸ್ವಿಚ್ಚಿನ ಬುಡದಲ್ಲಿ ಒಂದಿರಬೇಕಾದ ಕಡೆ ತೂತುಬಿಲ್ಲೆಯಂಥ ಎರಡು ತಾಮ್ರದ ವಾಷರ್. ಆಯಿಲ್ ನಿಲ್ಲಲೆಂದು ಎರಡನೆಯದನ್ನು ಹಾಕಿದವನು ತಾನೇ. ಆಯಿಲ್ ನಿಂತಿತು. ಸ್ವಿಚ್ ಕೂದಲೆಳೆಯಷ್ಟು ಹೊರಗೆ ಉಳಿಯಿತು. ಸರಳು ಅದರ ತುದಿಗೆ ಮುಟ್ಟಲಿಲ್ಲ. ರಿವರ್ಸ್ ಹಾಕಿ ಒಮ್ಮೆ ಹಿಂದೆ ತಿರುಗಿ ನೋಡಿದ್ದರೆ ಸಾಕಿತ್ತು.

ಒಂದು ವಾಷರನ್ನು ಜೇಬಿಗೆ ಹಾಕಿಕೊಂಡ. ಸ್ವಿಚ್ ಬಿಗಿದು ವೈರು ಸಿಕ್ಕಿಸಿದ. ಎರಡೂ ಲೈಟು ಹತ್ತಿದವು. ಇನ್ನು ಯಾರು ಬಂದು ನೋಡಿದರೂ ಗಾಡಿಯಲ್ಲಿ ದೋಷವಿಲ್ಲ, ದೋಷ ಓಡಿಸಿದವರದು. ಜೇಬಿನ ವಾಷರಿಗೆ ತೂಕವೆಂಬುದೇ ಇರಲಿಲ್ಲ. ಆದರೂ ಜಗಲಿಯಲ್ಲಿ ಕೂತವನಿಗೆ ಏಳಲಾಗಲಿಲ್ಲ.

ಒಂಬತ್ತರ ಸುಮಾರಿಗೆ ಭಾವ ಅಕ್ಕನ ಬಟ್ಟೆ ಒಯ್ಯಲು ಬಂದರು. ಹತ್ತಿ ಉರಿಯುತ್ತಿದ್ದ ಲೈಟುಗಳನ್ನು ನೋಡಿ ನಿಂತರು.

"ಇದೇನೋ?"

"ಭಾವ, ತಪ್ಪು ನಿಮ್ಮದಲ್ಲ, ನನ್ನದು." ವಾಷರನ್ನು ಅಂಗೈಯಲ್ಲಿಟ್ಟು ತೋರಿಸಿದ. ಎಲ್ಲ ಹೇಳಿದ. "ನೀವು ರಿವರ್ಸ್ ತಗೊಂಡಾಗ ಲೈಟು ಹತ್ತಿದ್ರೆ ಅಕ್ಕ ಸರಿದುಕೊಳ್ತಿದ್ಲು. ಪೊಲೀಸರಿಗೆ ನಾನೇ ಹೇಳ್ತೀನಿ."

ಭಾವ ವಾಷರನ್ನು ನೋಡಲಿಲ್ಲ. ಅವನನ್ನೇ ನೋಡಿದರು.

"ಗಾಡಿ ಓಡಿಸಿದ್ದು ನಾನು ಅಂತ ರಾತ್ರಿಯಿಡೀ ಅಂದುಕೊಂಡಿದ್ಯಾ?"

"ಮತ್ಯಾರು ಭಾವ?"

ಅವರು ಅವನ ಪಕ್ಕದಲ್ಲಿ ಕೂತರು. "ನಿನಗೆ ಹೇಳಕೂಡದು ಅಂತ ನಿಮ್ಮಕ್ಕ ಭಾಷೆ ತಗೊಂಡಿದ್ಲು. ಅದಕ್ಕೇ ಹೋಗಿ ನೋಡು ಅಂದೆ. ನೀನು ನೋಡಿದ್ದು ಲೈಟನ್ನ." "ಆರೂವರೆಗೆ ನಾನಿನ್ನೂ ಕೆಲಸದಿಂದ ಬಂದಿರಲಿಲ್ಲ ಕಣೋ. ಅಜ್ಜಿ ಕೂಗಾಟ ಕೇಳಿ ಬೀದಿ ತುದಿಯಿಂದ ಓಡಿ ಬಂದೆ. ಗಾಡಿ ಒಳಗೆ ಯಾರೂ ಇರಲಿಲ್ಲ. ನೀನು ನಿಲ್ಲಿಸಿ ಹೋದ ಮೇಲೆ ಅದನ್ನ ಯಾರೂ ಮುಟ್ಟೇ ಇಲ್ಲ."

ಅಂಗಳ ಮನೆಯ ಬಾಗಿಲಿನಿಂದ ಗೇಟಿನವರೆಗೂ ಇಳಿಜಾರು. ನ್ಯೂಟ್ರಲ್‌ನಲ್ಲಿದ್ದ ಗಾಡಿಯನ್ನು ಸಂಜೆಯವರೆಗೆ ತಡೆದಿದ್ದದ್ದು ಹಳೇ ಹ್ಯಾಂಡ್‌ಬ್ರೇಕೊಂದೇ.

ಹತ್ತು ಗಂಟೆಗೆ ಅಕ್ಕ ಪೊಲೀಸರಿಗೆ ಹೇಳಿಕೆ ಕೊಟ್ಟಳು: ತಮ್ಮ ಗಾಡಿಯನ್ನು ಗೇರಿನಲ್ಲೇ ಬಿಟ್ಟು ಹೋಗಿದ್ದ, ಒಳಗೆ ಒರೆಸುವಾಗ ಅದನ್ನು ನ್ಯೂಟ್ರಲ್‌ಗೆ ತಂದವಳು ತಾನೇ.