ಕೈಗೇರು

ಡಾಕ್ಟರರಿಗೆ ದಿನಾ ಕ್ಲಿನಿಕ್ಕಿಗೆ ಹೋಗಿಬರಲು, ಕೈಗೆಟುಕುವ ಬೆಲೆಗೆ, ಹಳೇ ಕಾಲದ ಕಾರೊಂದು ಬೇಕಿತ್ತು. ಆರಿಸಿಕೊಡಲು ಹತ್ತೊಂಬತ್ತು ವರ್ಷದಿಂದ ಜೊತೆಗಿದ್ದ ಡ್ರೈವರ್ ಅಂತೋಣಿಯನ್ನೇ ಕರೆದುಕೊಂಡು ಹೊರಟರು. ಹಿಂದಿನ ಸೀಟಿನಲ್ಲಿ ಡಾಕ್ಟರ ತಾಯಿ ಕೂತಿದ್ದರು.

“ಹೊಸದನ್ನ ನಾನೇ ಓಡಿಸ್ಕೋಬೇಕು ಅಂತಿದೀನಿ,” ಎಂದರು ಡಾಕ್ಟರು. “ನೀನೂ ಎಷ್ಟು ದಿನ ಅಂತ ದುಡೀತೀಯ.”

ಅಂತೋಣಿಗೆ ಚಿಂತೆ ಹತ್ತಿತು. ಈ ವಯಸ್ಸಿನಲ್ಲಿ ಇನ್ಯಾರ ಮನೆ ಬಾಗಿಲು ತಟ್ಟುವುದು?

ಗ್ಯಾರೇಜಿನಲ್ಲಿ ಮೂರು ಕಾರುಗಳಿದ್ದವು. ಡಾಕ್ಟರಿಗೆ ನೆಲದ ಗೇರಷ್ಟೇ ಗೊತ್ತು. ಅಂಥ ಎರಡಕ್ಕೂ ಅಂತೋಣಿ ತುಕ್ಕು, ಹೊಗೆ ಎಂದು ಇಲ್ಲದ ಕೊಂಕು ತೆಗೆದ. ಸ್ಟೇರಿಂಗಿನ ಪಕ್ಕದಲ್ಲೇ ಗೇರಿದ್ದ ಫಿಯಟ್ಟಿನ ಬಾನೆಟ್ಟು ತಟ್ಟಿ, “ಇದಾದ್ರೆ ದಿನಾ ಓಡಿಸಿದ್ರೂ ಕೈ ಕೊಡಲ್ಲ ಸಾರ್,” ಎಂದ.

“ಕೈಗೇರಾ?” ತಾಯಿ ಕೇಳಿದರು.

“ಹೂಂ ಅಮ್ಮ. ಪಳಗಿದ ಕೈಗೆ ಮಾತ್ರ ಬಗ್ಗೋದು.”

ಅವರು ಮಗನ ಕಡೆ ನೋಡಿ, “ತಗೋ,” ಎಂದರು.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಡಾಕ್ಟರು ಗೇರು ಹಾಕಲು ಹೋದಾಗಲೆಲ್ಲ ಕಾರು ಎಗರಿ ನಿಂತಿತು. ನಾಲ್ಕನೆಯ ಸಲ ಬೆವರೊರೆಸಿಕೊಂಡು ಇಳಿದು, “ನನ್ನಿಂದಾಗಲ್ಲಪ್ಪ,” ಎಂದರು. ಅಂತೋಣಿ ಮನಸ್ಸಿನಲ್ಲೇ ಶಿಲುಬೆ ಗುರುತು ಮಾಡಿಕೊಂಡು ಕೀಗೆ ಕೈ ಚಾಚಿದ.

ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಆ ಕೀಯನ್ನು ತಾವೇ ತೆಗೆದುಕೊಂಡರು.

“ನೆಲದ ಗೇರು ನಂಗೆ ಕೊನೆಗೂ ಬರ್ಲಿಲ್ಲ ಅಂತೋಣಿ. ಇಂಥದನ್ನಾದ್ರೆ ಇವನು ಹೊಟ್ಟೇಲಿದ್ದಾಗ್ಲೇ ದಿನಾ ಓಡಿಸ್ತಿದ್ದೆ. ಇನ್ಮೇಲೆ ಇವನನ್ನ ನಾನೇ ಬಿಟ್ಟು ಬರ್ತೀನಿ, ನೀನು ಮನೇಲಿ ಆರಾಮಾಗಿರಪ್ಪ.”