ಸೀನು

ಕುಲ್ಸುಮಬಿ ಮೂರನೆಯ ಸಲ ಸೀನಿದಾಗ ಗೋದಾಮಿನ ಹೆಂಗಸರೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ನಕ್ಕುಬಿಟ್ಟರು. ಬ್ಯಾಡಗಿ ಪೇಟೆಯಲ್ಲಿ ಸೀನುವವರೆಂದರೆ ಹೊಸಬರು. ಇಪ್ಪತ್ತು ವರ್ಷದಿಂದ ಇದೇ ರಾಶಿಯ ಮುಂದೆ ಕೂತವಳು ಸೀನುವುದೆಂದರೇನು?

“ಮಗಳ ಬಾಣಂತನಕ್ಕಂತ ಎರಡು ತಿಂಗಳು ಮೇಡ್ಲೇರಿಗೆ ಹೋಗಿ ಬರೂದ್ರಾಗ ಅಕ್ಕನ ಮೂಗು ಹೊಸಾದಾಗೇತಿ ನೋಡ್ರಿ,” ಎಂದಳು ಪಕ್ಕದಲ್ಲಿ ಕೂತಿದ್ದ ನೀಲವ್ವ.

ಕುಲ್ಸುಮಬಿ ಕಣ್ಣೊರೆಸಿಕೊಂಡು ಕೈಯಲ್ಲಿದ್ದ ಕಾಯಿಯನ್ನು ನೋಡಿದಳು. ಇಷ್ಟು ವರ್ಷ ಕೈ ತನ್ನಷ್ಟಕ್ಕೆ ತೊಟ್ಟು ಮುರಿಯುತ್ತಿತ್ತು. ಅವಳ ಮನಸ್ಸು ಮಾತ್ರ ಸಂಜೆಯ ರೊಟ್ಟಿಯ ಹತ್ತಿರವೋ, ನಾಳೆ ನಳಕ್ಕೆ ನೀರು ಬರುವ ಹೊತ್ತಿನ ಹತ್ತಿರವೋ ಇರುತ್ತಿತ್ತು. ಈಗ ನೋಡಿದರೆ ಕಾಯಿಯ ಮೈತುಂಬ ಸೀರೆ ಹಿಂಡಿಟ್ಟಂಥ ಸುಕ್ಕು. ಅಲುಗಿಸಿದರೆ ಒಳಗೆ ಬೀಜ ಸಣ್ಣಗೆ ಸಪ್ಪಳ ಮಾಡಿದವು. ಮೂಗಿನ ಹತ್ತಿರ ತಂದಳು. ಘಾಟಿನ ಹಿಂದೆ ಒಂದು ಸಿಹಿ ವಾಸನೆಯಿತ್ತು. ಇಪ್ಪತ್ತು ವರ್ಷದಲ್ಲಿ ಅದು ಇದೆಯೆಂದೇ ಅವಳಿಗೆ ಗೊತ್ತಾಗಿರಲಿಲ್ಲ. ಮತ್ತೊಂದು ಸೀನು ಬಂತು.

ಈ ಸಲ ನೀಲವ್ವ ನಗಲಿಲ್ಲ, ಪಾಪ ಅನ್ನಿಸಿತು. “ಮೂಗಿಗೆ ಸೆರಗು ಕಟ್ಟಿಕೋರಿ ಅಕ್ಕಾ. ನಾಳೆ ನಾಡದ್ದರಾಗ ಮೊದಲಿನಂಗ ರೂಢಿ ಆಗಿಬಿಡ್ತೈತಿ. ಆಮ್ಯಾಲೆ ಏನೂ ಗೊತ್ತಾಗಂಗಿಲ್ಲ.”

ಕುಲ್ಸುಮಬಿ ಸೆರಗನ್ನು ಮೂಗಿನತನಕ ಒಯ್ದವಳು ಅಲ್ಲೇ ತಡೆದಳು. ಆಮೇಲೆ ಅದನ್ನು ಕೆಳಗೆ ಬಿಟ್ಟು ರಾಶಿಯಿಂದ ಇನ್ನೊಂದು ಕಾಯಿ ಎತ್ತಿಕೊಂಡಳು.

“ರೂಢಿ ಹೆಂಗೂ ಆಗ್ತೈತಿ ನೀಲವ್ವ,” ಎಂದಳು. “ಇವತ್ತೊಂದಿನ ಸೀನ್ತೇನಿ ಬಿಡು.”