ಮಂಗಳೂರು–ದುಬೈ, ಮೂರೂವರೆ ಗಂಟೆ

ಮಂಗಳೂರಿನಿಂದ ದುಬೈಗೆ ಸುಮಾರು ಎರಡೂವರೆ ಸಾವಿರ ಕಿಲೋಮೀಟರು, ವಿಮಾನದಲ್ಲಿ ಮೂರೂವರೆ ಗಂಟೆ. ಒಂದು ಮಾತು ಕೇಳಲು ಅಷ್ಟು ಹೊತ್ತು ಧಾರಾಳವಾಯಿತು ಎಂದುಕೊಂಡೇ ಅವನು ಅವಳ ಪಕ್ಕದ ಸೀಟು ಹಿಡಿದಿದ್ದ. ದುಬೈಯ ಆಸ್ಪತ್ರೆಯಲ್ಲಿ ಅವಳ ವಾರ್ಡಿಗೂ ಅವನ ಲ್ಯಾಬಿಗೂ ಇಪ್ಪತ್ತೇ ಹೆಜ್ಜೆ. ಎರಡು ವರ್ಷವಾದರೂ ಅದನ್ನು ದಾಟಿ ಹೋಗಿ ಕೇಳಲು ಅವನಿಂದಾಗಿರಲಿಲ್ಲ.

ಅಂದು ಶುಕ್ರವಾರ. ಧೈರ್ಯ ಕೂಡಿಬರುವಷ್ಟರಲ್ಲಿ ಹತ್ತೂವರೆಯಾಗಿತ್ತು.

“ಎಂತದೋ ಹೇಳ್ಲಿಕ್ಕುಂಟು ಅಂದ್ರಲ್ಲ?” ಅವಳೇ ಕೇಳಿದಳು.

“ಹನ್ನೆರಡು ಗಂಟೆ ಆಗ್ಲಿ. ಈಗ ರಾಹುಕಾಲ. ಒಳ್ಳೆ ಮಾತು ಆಡ್ಬಾರ್ದು ಅಂತ ಅಮ್ಮ ಹೇಳಿದ್ದಾರೆ.”

“ಓ, ಒಳ್ಳೆ ಮಾತಾ?” ಎಂದು ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು.

ಆಮೇಲೆ ಒಂದೂವರೆ ಗಂಟೆ ಅವನು ತನ್ನ ಗಡಿಯಾರವನ್ನೇ ನೋಡಿದ. ಮೂರು ಸಲ ನೀರು ಕೇಳಿ ಕುಡಿದ. ಗೊತ್ತಾಗದೆ ಅವಳ ಪಾಲಿನ ಉಪ್ಪಿಟ್ಟನ್ನೂ ತಿಂದ. ಮೋಡಗಳೆಲ್ಲ ಹಿಂದೆ ಓಡಿದವು, ಮುಳ್ಳು ಮಾತ್ರ ಮುಂದೆ ಹೋಗಲೊಲ್ಲದು.

ಹನ್ನೆರಡಾದ ಮೇಲೂ ಐದು ನಿಮಿಷ ಹೆಚ್ಚೇ ಇರಲಿ ಎಂದು ಕಾದ. ಚಕ್ರ ನೆಲ ಮುಟ್ಟಿದಾಗ ಹನ್ನೆರಡು ದಾಟಿ ಐದು ನಿಮಿಷ. ಅವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಪೈಲಟ್ ಹೇಳಿದ, ದುಬೈಯಲ್ಲಿ ಈಗ ಸಮಯ ಹತ್ತು ಮೂವತ್ತೈದು.

ತೆರೆದ ಬಾಯಿ ಹಾಗೇ ಉಳಿಯಿತು. “ಇಲ್ಲಿ ರಾಹುಕಾಲ ಈಗಷ್ಟೇ ಶುರುವಾಯ್ತು ಮಾರಾಯ್ರೆ.”

ಅವಳು ಎಡಗೈ ಚಾಚಿದಳು.

“ನನ್ನ ವಾಚು ಇನ್ನೂ ಮಂಗಳೂರಲ್ಲೇ ಉಂಟು. ಬೇಕಾದ್ರೆ ಕೈ ಹಿಡಿದು ನೋಡಿ.”